ನಿಜ ಹೇಳಿದ ಮೇಲೆ



ಈ ಸಲ ಅಂಚೆಯಲ್ಲಿ ಬಂದ ಒಂದು ಕಾಗದ ನನ್ನನ್ನು ನಾಲ್ಕು ದಿನ ಬಿಡದೆ ಕಾಡಿತು. ಬರೆದವರು ಹಾಸನದ ಕಡೆಯ ಒಬ್ಬ ತಾಯಿ. ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ರಾತ್ರಿ ಹನ್ನೊಂದಾದರೂ ಅವಳ ಕೋಣೆಯ ದೀಪ ಆರುವುದಿಲ್ಲವಂತೆ. ಪಾಠದ ಪುಸ್ತಕವಿರಬೇಕು ಅಂದುಕೊಂಡು ಇಣುಕಿದರೆ ಇಂಗ್ಲಿಷ್ ಕಾದಂಬರಿ! ತಿರುವಿ ನೋಡಿದ್ದಾರೆ. ಒಂದು ಪುಟದಲ್ಲಿ ಹೆಣ, ಇನ್ನೊಂದು ಪುಟದಲ್ಲಿ ಪ್ರಾರ್ಥನೆ, ಮೂರನೆಯ ಪುಟದಲ್ಲಿ ಪ್ರೇಮ. "ಇದೇನಮ್ಮಾ ಇದು, ಚಿತ್ರಾನ್ನಕ್ಕೆ ಪಾಯಸ ಸುರಿದ ಹಾಗೆ? ಇಂಥದನ್ನು ಓದಲು ಬಿಡಲೋ ಬೇಡವೋ?" ಅಂತ ಕೇಳಿದ್ದಾರೆ.

ಬಿಡಿ ತಾಯಿ, ಧಾರಾಳವಾಗಿ ಬಿಡಿ. ಯಾಕೆ ಅಂತ ಹೇಳುತ್ತೇನೆ. ಆದರೆ ಹೇಳುತ್ತಾ ಹೇಳುತ್ತಾ ನನ್ನದೇ ಒಂದು ಹಳೆಯ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೇ ಈ ನಾಲ್ಕು ದಿನದ ಸಂಕಟ.

ಮೊದಲು ಈ ಪುಸ್ತಕಗಳ ಜಾತಕ ನೋಡೋಣ. ‘ಕ್ರಿಶ್ಚಿಯನ್ ರೊಮ್ಯಾಂಟಿಕ್ ಸಸ್ಪೆನ್ಸ್’ ಅಂತ ಇವುಗಳಿಗೆ ಹೆಸರು. ಹುಟ್ಟಿ ಬೆಳೆದದ್ದು ಹೆಚ್ಚಾಗಿ ಅಮೆರಿಕದಲ್ಲಿ. ನಾವೆಲ್ಲ ಕಾಲೇಜು ದಿನಗಳಲ್ಲಿ ನೋಟ್‌ಬುಕ್ಕಿನ ಮರೆಯಲ್ಲಿಟ್ಟುಕೊಂಡು ಓದುತ್ತಿದ್ದ ಮಿಲ್ಸ್ ಅಂಡ್ ಬೂನ್ ನೆನಪಿದೆಯಲ್ಲ? ಆ ಕಂಪನಿಯನ್ನು 1971ರಲ್ಲಿ ಕೊಂಡುಕೊಂಡ ಹಾರ್ಲೆಕ್ವಿನ್ ಸಂಸ್ಥೆಯವರೇ ಮುಂದೆ 2005ರಲ್ಲಿ ಇಂಥ ಕಥೆಗಳಿಗಾಗಿ ಒಂದು ಬೇರೆಯೇ ಮಾಲೆ ಶುರುಮಾಡಿದರು. ಅಷ್ಟು ಓದುಗರಿದ್ದಾರೆ ಅಂತಾಯಿತು. ಕಥೆಯಲ್ಲಿ ಒಬ್ಬಳು ಹೆಣ್ಣು, ಒಬ್ಬ ಗಂಡು. ಇಬ್ಬರಲ್ಲಿ ಒಬ್ಬರಾದರೂ ಪೊಲೀಸೋ, ಪತ್ತೇದಾರರೋ, ಶವಪರೀಕ್ಷೆಯ ವೈದ್ಯರೋ ಆಗಿರುತ್ತಾರೆ. ಒಂದು ಅಪರಾಧದ ಬೆನ್ನುಹತ್ತಿ ಹೋಗುವಾಗ ಪ್ರೀತಿ ಹುಟ್ಟುತ್ತದೆ. ಜೊತೆಗೆ ದೇವರ ಮೇಲಿನ ನಂಬಿಕೆಗೂ ಪರೀಕ್ಷೆ ನಡೆಯುತ್ತದೆ. ಬೈಗುಳ ಇಲ್ಲ, ಹಾಸಿಗೆಯ ವರ್ಣನೆ ಇಲ್ಲ. ಆ ಮಟ್ಟಿಗೆ ತಾಯಂದಿರು ನಿಶ್ಚಿಂತೆಯಿಂದಿರಬಹುದು!

ಡೀ ಹೆಂಡರ್ಸನ್ ಎಂಬಾಕೆ ಈ ಬಗೆಯಲ್ಲಿ ದೊಡ್ಡ ಹೆಸರು. ಅವರ ಓಮ್ಯಾಲಿ ಮಾಲೆಯಲ್ಲಿ ಏಳು ಜನ ಅಣ್ಣತಮ್ಮ ಅಕ್ಕತಂಗಿಯರು. ಒಡಹುಟ್ಟಿದವರಲ್ಲ, ಒಂದೇ ಅನಾಥಾಲಯದಲ್ಲಿ ಬೆಳೆದು, ದೊಡ್ಡವರಾದ ಮೇಲೆ ತಾವೇ ಒಂದು ಕುಟುಂಬವೆಂದು ನಿಶ್ಚಯಿಸಿ, ಒಂದೇ ಮನೆತನದ ಹೆಸರಿಟ್ಟುಕೊಂಡವರು. ‘ದಿ ನೆಗೋಷಿಯೇಟರ್’ ಎಂಬ ಕಾದಂಬರಿಯ ಕೇಟ್, ಒತ್ತೆಯಾಳುಗಳನ್ನು ಬಿಡಿಸಲು ದುಷ್ಟರೊಡನೆ ಮಾತಿಗೆ ಕೂರುವ ಪೊಲೀಸಿನವಳು. ಅವಳನ್ನು ಮೆಚ್ಚಿದ ಎಫ್.ಬಿ.ಐ. ಅಧಿಕಾರಿ ಡೇವ್ ದೈವಭಕ್ತ, ಅವಳಿಗೆ ನಂಬಿಕೆಯಿಲ್ಲ. ನಂಬಿಕೆ ಬೇರೆಯಾದವರ ಜೊತೆ ನೊಗಕ್ಕೆ ಹೆಗಲು ಕೊಡಬೇಡಿ ಎಂಬ ಅರ್ಥದ ಮಾತು ಬೈಬಲಿನಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿದೆ. ಆದ್ದರಿಂದ ಅವನು ಮದುವೆಗೆ ಮುಂದಾಗಲಾರ. ಅವಳಾದರೂ ಅವನಿಗೋಸ್ಕರ ಸುಳ್ಳುನಂಬಿಕೆ ನಟಿಸಲಾರಳು. 2001ರಲ್ಲಿ ಬಂದ ‘ದಿ ಟ್ರೂತ್ ಸೀಕರ್’ನ ಲೀಸಾ ಶವಪರೀಕ್ಷೆ ಮಾಡುವ ವೈದ್ಯೆ. ಸತ್ತವರು ಎದ್ದು ಬಂದದ್ದನ್ನು ತನ್ನ ಮೇಜಿನ ಮೇಲೆ ಒಮ್ಮೆಯೂ ಕಾಣದ ಆಕೆ ಯೇಸುವಿನ ಪುನರುತ್ಥಾನವನ್ನು ಹೇಗೆ ನಂಬಿಯಾಳು? ಪ್ರೀತಿಸಿದವನ ಮುಖ ನೋಡಿಕೊಂಡು "ಹೂಂ, ನಂಬಿದೆ" ಅಂದುಬಿಡುವ ಸುಲಭದ ದಾರಿ ಅವಳಿಗಿಲ್ಲ. ಈ ಪಟ್ಟು ನನಗೆ ಹಿಡಿಸಿತು.

ಎಲ್ಲ ಪುಸ್ತಕಗಳೂ ಹೀಗೇ ಅಂತ ಹೇಳಲಾರೆ. ಸಾಧಾರಣ ದರ್ಜೆಯವುಗಳಲ್ಲಿ ಮದುವೆಗೆ ಸರಿಯಾಗಿ ಭಕ್ತಿ ಉಕ್ಕುತ್ತದೆ, ಪ್ರಾರ್ಥನೆ ಮುಗಿಯುವುದಕ್ಕೂ ಪೊಲೀಸರ ಜೀಪು ಬರುವುದಕ್ಕೂ ಸರಿಹೋಗುತ್ತದೆ. ಖಳನನ್ನು ಹಿಡಿದರೆ ಸತ್ಯದ ಕೆಲಸ ಮುಗಿಯಿತು, ಇನ್ನು ಲಾಡು ಹಂಚುವುದೊಂದೇ ಬಾಕಿ! ಗೆಳತಿಯರೇ, ನಿಜವಾದ ಬಾಳಿನಲ್ಲಿ ಹಾಗೆ ಮುಗಿಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಈ ಕಥೆಗಳ ಅಜ್ಜಿಯ ಹತ್ತಿರ ಹೋದೆ.

ಅಜ್ಜಿಯ ಹೆಸರು ಡರೋತಿ ಎಲ್. ಸೇಯರ್ಸ್. ಇಂಗ್ಲೆಂಡಿನವರು. 1893ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಬ್ಬ ಪಾದ್ರಿಯ ಮಗಳಾಗಿ ಹುಟ್ಟಿದರು. ಮನೆಯಲ್ಲಿ ತಂದೆಯೇ ಲ್ಯಾಟಿನ್ ಕಲಿಸಿದರು. ಅಲ್ಲಿನ ಸಾಮರ್‌ವಿಲ್ ಕಾಲೇಜಿನಲ್ಲಿ ಓದಿ 1915ರಲ್ಲಿ ಮೊದಲ ದರ್ಜೆಯಲ್ಲಿ ಪಾಸಾದರು. ಆದರೆ ಪದವಿ ಕೊಡಲಿಲ್ಲ! ಹೆಣ್ಣುಮಕ್ಕಳು ಪರೀಕ್ಷೆ ಬರೆಯಬಹುದು, ಪದವಿ ಮಾತ್ರ ಕೇಳಬಾರದು ಎಂಬುದು ಅಂದಿನ ರೀತಿ. 1920ರಲ್ಲಿ ಆಕ್ಸ್‌ಫರ್ಡ್ ಮನಸ್ಸು ಬದಲಿಸಿದಾಗ ಪದವಿ ಪಡೆದ ಮೊದಲ ಹೆಂಗಸರಲ್ಲಿ ಇವರೂ ಒಬ್ಬರು. ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಪತ್ತೇದಾರಿ ಕಾದಂಬರಿ ಬರೆದರು. ಆಮೇಲೆ ಅದನ್ನು ಬಿಟ್ಟು ಧರ್ಮದ ನಾಟಕ, ಧರ್ಮದ ಪ್ರಬಂಧಗಳಿಗೆ ತಿರುಗಿದರು. ಯೇಸುವಿನ ಜೀವನದ ಮೇಲೆ ಅವರು ಬರೆದ ನಾಟಕಮಾಲೆ 1941-42ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಬಂತು. 1943ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರು ಧರ್ಮಶಾಸ್ತ್ರದ ಡಾಕ್ಟರೇಟ್ ಗೌರವ ಕೊಡುತ್ತೇನೆಂದರೂ ಈಕೆ ಬೇಡವೆಂದರು.

ಅವರ ಕಥೆಗಳಲ್ಲಿ ನಮಗೆ ಬೇಕಾದವು ಹ್ಯಾರಿಯೆಟ್ ವೇನ್ ಎಂಬ ಹೆಣ್ಣಿನ ಕಥೆಗಳು. 1930ರ ‘ಸ್ಟ್ರಾಂಗ್ ಪಾಯ್ಸನ್’ನಲ್ಲಿ ಅವಳನ್ನು ಮೊದಲು ಕಾಣುವುದು ಕೋರ್ಟಿನ ಕಟಕಟೆಯಲ್ಲಿ. ಅವಳು ಪತ್ತೇದಾರಿ ಕಾದಂಬರಿ ಬರೆಯುವವಳು. ಮದುವೆ ಎನ್ನುವುದು ತನ್ನ ತತ್ವಕ್ಕೆ ವಿರೋಧ ಅಂದ ಒಬ್ಬ ಸಾಹಿತಿಯ ಮಾತು ನಂಬಿ, ಮದುವೆಯಿಲ್ಲದೆ ಅವನ ಜೊತೆ ಸಂಸಾರ ಹೂಡಿದ್ದಳು. ಒಂದು ದಿನ ಅದೇ ಮನುಷ್ಯ "ಬಾ, ಮದುವೆಯಾಗೋಣ" ಅಂದ. ಅಂದರೆ ತತ್ವವೂ ಇಲ್ಲ, ಮಣ್ಣೂ ಇಲ್ಲ. ಇಷ್ಟು ದಿನ ಇವಳನ್ನು ಪರೀಕ್ಷಿಸಿ ನೋಡಿದ್ದ! ಬಹುಮಾನದಂತೆ ಎಸೆದ ಆ ಮದುವೆಯನ್ನು ಒಲ್ಲೆನೆಂದು ಅವಳು ಹೊರಟುಬಂದಳು. ಕೆಲವು ತಿಂಗಳಲ್ಲಿ ಅವನು ಪಾಷಾಣ ಸೇರಿ ಸತ್ತ. ಇವಳೋ ತನ್ನ ಕಾದಂಬರಿಗೆ ಬೇಕೆಂದು ಸುಳ್ಳು ಹೆಸರಿನಲ್ಲಿ ಪಾಷಾಣ ಕೊಂಡಿದ್ದಳು. ಇನ್ನೇನು ಬೇಕು? "ಇಂಥವಳೇ ಮಾಡಿರಬೇಕು" ಅಂತ ಊರೆಲ್ಲ ತೀರ್ಪು ಕೊಟ್ಟಾಯಿತು.

ಜ್ಯೂರಿಯಲ್ಲಿದ್ದ ಒಬ್ಬ ವಯಸ್ಸಾದ ಅವಿವಾಹಿತೆ, ಮಿಸ್ ಕ್ಲಿಂಪ್ಸನ್, ಒಪ್ಪಲಿಲ್ಲ. ಚರ್ಚು ತಪ್ಪಿಸದ ಮಡಿವಂತೆ ಆಕೆ. ಆದರೂ ನಡತೆ ಬೇರೆ, ಕೊಲೆ ಬೇರೆ ಎಂಬ ವಿವೇಕ ಆಕೆಗಿತ್ತು. ಮುಂದೆ ಪುರಾವೆ ಹುಡುಕಲು ಆಕೆ ಆತ್ಮಗಳನ್ನು ಕರೆಯುವವಳಂತೆ ನಟಿಸಬೇಕಾಗುತ್ತದೆ. ಒಂದು ಜೀವ ಉಳಿಸಲು ಸುಳ್ಳಾಡಬಹುದೇ ಅಂತ ಆಕೆಯ ಮನಸ್ಸು ಹೊಯ್ದಾಡುವುದನ್ನು ಓದಿದಾಗ ನಗುವೂ ಬರುತ್ತದೆ, ಗೌರವವೂ ಹುಟ್ಟುತ್ತದೆ. ಇನ್ನು ವಿಷ ಹೋದದ್ದು ಯಾವುದರಲ್ಲಿ ಗೊತ್ತೇ? ಆಮ್ಲೆಟ್ಟಿನಲ್ಲಿ! ಊಟದ ಮೇಜಿನ ಮೇಲೇ ಎಲ್ಲರೆದುರು ಮಾಡಿದ್ದು, ಇಬ್ಬರು ಹಂಚಿ ತಿಂದದ್ದು. ಒಬ್ಬ ಸತ್ತ, ಒಬ್ಬ ಬದುಕಿದ. ಅದು ಹೇಗೆ ಅನ್ನುವುದನ್ನು ನೀವೇ ಓದಿಕೊಳ್ಳಿ. ಅಡುಗೆ ಪುಟದ ಪಕ್ಕದಲ್ಲಿ ಕೂತು ನಾನು ಅದನ್ನು ಹೇಳಬಾರದು.

ಹ್ಯಾರಿಯೆಟ್‌ಳನ್ನು ಉಳಿಸಿದವನು ಲಾರ್ಡ್ ಪೀಟರ್ ವಿಮ್ಸಿ ಎಂಬ ಸಿರಿವಂತ ಪತ್ತೇದಾರ. ಕಟಕಟೆಯಲ್ಲಿ ನೋಡಿದಾಗಲೇ ಮನಸೋತವನು, ಜೈಲಿನಲ್ಲಿ ಭೇಟಿಯಾದ ಮೊದಲ ದಿನವೇ ಮದುವೆ ಆಗುತ್ತೀಯಾ ಅಂತ ಕೇಳುತ್ತಾನೆ. ನಮ್ಮ ಸಿನಿಮಾ ಆಗಿದ್ದರೆ ಬಿಡುಗಡೆಯ ಮಾರನೆಯ ದಿನವೇ ಓಲಗ ಊದಿಸುತ್ತಿದ್ದರು. ಹ್ಯಾರಿಯೆಟ್ ಒಪ್ಪುವುದಿಲ್ಲ. ಒಂದು ವರ್ಷವಲ್ಲ, ಐದು ವರ್ಷ ಒಪ್ಪುವುದಿಲ್ಲ! ಪ್ರಾಣ ಉಳಿಸಿದ ಋಣ ತೀರಿಸಲು ಕೊರಳೊಡ್ಡಿದರೆ ಅದು ಮದುವೆಯಲ್ಲ, ಸಾಲದ ಕಂತು. ತನ್ನ ಮನಸ್ಸಿನಲ್ಲಿರುವುದು ಕೃತಜ್ಞತೆಯೋ ಪ್ರೀತಿಯೋ ಅಂತ ಅವಳು ಪತ್ತೆಮಾಡಬೇಕಾಗಿದೆ. ಕೊಲೆಗಾರನನ್ನು ಪತ್ತೆ ಮಾಡುವುದಕ್ಕಿಂತ ಇದು ಕಷ್ಟದ ಕೆಲಸ, ಅಲ್ಲವೇ?

ಇನ್ನು ಮುಖ್ಯವಾದ ಪುಸ್ತಕಕ್ಕೆ ಬರುತ್ತೇನೆ: 1935ರ ‘ಗಾಡಿ ನೈಟ್’. ಗಾಡಿ ಅಂದರೆ ನಮ್ಮ ಎತ್ತಿನ ಗಾಡಿಯಲ್ಲ. ಕಾಲೇಜಿನ ಹಳೆಯ ವಿದ್ಯಾರ್ಥಿನಿಯರು ಮರಳಿ ಬಂದು ಕೂಡುವ ಔತಣ. ಇದರ ಗುಟ್ಟು ಹೇಳದೆ ವಿಷಯ ಹೇಳಲು ಸಾಧ್ಯವಿಲ್ಲ. ಓದಬೇಕು ಅಂತಿರುವವರು ಮುಂದಿನ ಮೂರು ಪ್ಯಾರಾ ಕಣ್ಣುಮುಚ್ಚಿ ದಾಟಿಬಿಡಿ!

ಆಕ್ಸ್‌ಫರ್ಡ್‌ನ ಶ್ರೂಸ್‌ಬರಿ ಎಂಬ ಹೆಣ್ಣುಮಕ್ಕಳ ಕಾಲೇಜು. ಅದು ಲೇಖಕಿಯ ಕಲ್ಪನೆ. ಅಲ್ಲಿ ಯಾರೋ ಹೊಲಸು ಕಾಗದ ಬರೆದು ಎಸೆಯುತ್ತಾರೆ. ಒಬ್ಬ ವಿದುಷಿಯ ಎಷ್ಟೋ ವರ್ಷದ ಬರಹವನ್ನು ಹಾಳುಮಾಡುತ್ತಾರೆ. ಒಬ್ಬ ವಿದ್ಯಾರ್ಥಿನಿಯಂತೂ ಆ ಕಾಗದಗಳ ಕಾಟಕ್ಕೆ ಹೊಳೆಗೆ ಬೀಳುವವರೆಗೆ ಹೋಗುತ್ತಾಳೆ. ಪೊಲೀಸರನ್ನು ಕರೆದರೆ "ನೋಡಿ, ಹೆಂಗಸರು ಓದಿದರೆ ಹೀಗೇ" ಅಂತ ಪತ್ರಿಕೆಗಳು ನಗುತ್ತವೆ. ಹಾಗಾಗಿ ಗುಟ್ಟಾಗಿ ಹ್ಯಾರಿಯೆಟ್‌ಳನ್ನು ಕರೆಸುತ್ತಾರೆ. ಎಲ್ಲರಿಗೂ ಅನುಮಾನ ಮದುವೆಯಾಗದ ಆ ಅಧ್ಯಾಪಕಿಯರ ಮೇಲೆಯೇ. ಗಂಡ, ಮಕ್ಕಳಿಲ್ಲದೆ ಬರೀ ಪುಸ್ತಕ ಹಿಡಿದು ಕೂತ ಹೆಣ್ಣಿಗೆ ತಲೆ ಕೆಡದೆ ಇದ್ದೀತೇ ಅಂತ! ಹ್ಯಾರಿಯೆಟ್ ಕೂಡ ಅರ್ಧ ನಂಬುತ್ತಾಳೆ. ಕೊನೆಗೆ ಸಿಕ್ಕವಳು ಅಲ್ಲಿ ಕೋಣೆ ಗುಡಿಸುವ, ತಟ್ಟೆ ಎತ್ತುವ ಕೆಲಸದ ಆನಿ. ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಾಯಿ, ವಿಧವೆ.

ಅವಳ ಗಂಡ ಇತಿಹಾಸದ ವಿದ್ವಾಂಸ. ತನ್ನ ಪ್ರಬಂಧದ ವಾದವನ್ನೇ ಬುಡಮೇಲು ಮಾಡುವ ಒಂದು ಹಳೆಯ ಪತ್ರ ಅವನಿಗೆ ಪುಸ್ತಕ ಭಂಡಾರದಲ್ಲಿ ಸಿಕ್ಕಿತ್ತು. ಅದನ್ನು ಕದ್ದು ಬಚ್ಚಿಟ್ಟು ಪ್ರಬಂಧ ಒಪ್ಪಿಸಿದ. ಆದರೆ ಮಿಸ್ ಡಿ ವೈನ್ ಎಂಬ ವಿದುಷಿ ಅದೇ ಪತ್ರವನ್ನು ಮೊದಲೇ ನೋಡಿದ್ದರು. ಅವರು ನಿಜ ಹೇಳಿದರು. ಅವನ ಪದವಿ ಹೋಯಿತು, ನೌಕರಿ ಹೋಯಿತು. ಕುಡಿತಕ್ಕೆ ಬಿದ್ದು ಕೊನೆಗೆ ಪ್ರಾಣವನ್ನೇ ಕಳೆದುಕೊಂಡ. ಹೆಂಡತಿ ಕಸಬರಿಗೆ ಹಿಡಿದಳು. ಸಿಕ್ಕಿಬಿದ್ದ ದಿನ ಆನಿ ಆ ವಿದುಷಿಯರ ಮುಖಕ್ಕೇ ಕೇಳುತ್ತಾಳೆ: ಯಾರಿಗೂ ಬೇಡದ ಒಂದು ಚೂರು ಕಾಗದ ಹೆಚ್ಚೋ, ಒಬ್ಬ ಮನುಷ್ಯನ ಅನ್ನ ಹೆಚ್ಚೋ? ಆ ಮಾತಿಗೆ ಅಷ್ಟು ಓದಿದವರು ಯಾರೂ ಒಡನೆ ಉತ್ತರಿಸಲಾರರು. ಓದುತ್ತಿದ್ದ ನನಗೂ ಉತ್ತರ ತೋಚಲಿಲ್ಲ.

ಆಮೇಲೆ ಮಿಸ್ ಡಿ ವೈನ್ ತಮ್ಮ ಮನಸ್ಸು ಬಿಚ್ಚುತ್ತಾರೆ. ನಿಜ ಹೇಳಿದ್ದಕ್ಕೆ ಅವರಿಗೆ ಪಶ್ಚಾತ್ತಾಪವಿಲ್ಲ. ವಿದ್ಯೆಯಲ್ಲಿ ಸುಳ್ಳನ್ನು ಬಿಟ್ಟುಕೊಂಡರೆ ಉಳಿಯುವುದೇನು? ಅವರ ಪಶ್ಚಾತ್ತಾಪ ಬೇರೆ. ನಿಜ ಹೇಳಿದ ಮೇಲೆ ಆ ಮನುಷ್ಯ ಏನಾದ, ಅವನ ಮನೆಯವರು ಏನಾದರು ಅಂತ ತಾನು ತಿರುಗಿ ನೋಡಲಿಲ್ಲ, ವಿಚಾರಿಸಲಿಲ್ಲ. ಅದು ತನ್ನ ತಪ್ಪು ಅನ್ನುತ್ತಾರೆ.

ಗೆಳತಿಯರೇ, ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ.

ಬಹಳ ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯಲ್ಲಿ ಒಂದು ಮಹಿಳಾ ಸಮಾಜ. ಹಪ್ಪಳ ಸಂಡಿಗೆ ಮಾಡಿ ಮಾರಿ, ಒಂದು ಹೊಲಿಗೆ ಯಂತ್ರ ಕೊಳ್ಳಲು ದುಡ್ಡು ಕೂಡಿಸುತ್ತಿದ್ದೆವು. ಲೆಕ್ಕ ನೋಡುವ ಕೆಲಸ ನನ್ನದು. ದುಡ್ಡು ಇಡುತ್ತಿದ್ದವರು ಇನ್ನೊಬ್ಬರು. ಹೆಸರು ಬೇಡ. ಒಳ್ಳೆಯ ಕೈ. ಅವರು ಹದ ಹಾಕಿದ ಹಿಟ್ಟಿನ ಹಪ್ಪಳ ಎಣ್ಣೆಗೆ ಬಿದ್ದರೆ ಹೂವಿನ ಹಾಗೆ ಅರಳುತ್ತಿತ್ತು. ಒಂದು ದಿನ ಪಾಸ್‌ಪುಸ್ತಕ ತಾಳೆ ನೋಡಿದೆ. ಆರುನೂರ ನಲವತ್ತು ರೂಪಾಯಿ ಕಡಿಮೆ. ಮೂರು ಸಲ ಕೂಡಿಸಿದೆ, ಮೂರು ಸಲವೂ ಕಡಿಮೆ. ತಿಂಗಳ ಸಭೆಯಲ್ಲಿ, ಇಪ್ಪತ್ತೆರಡು ಜನರೆದುರು, ಎದ್ದು ನಿಂತು ಓದಿದೆ. ಆಕೆ ಇಲ್ಲ ಅನ್ನಲಿಲ್ಲ. ತಲೆ ತಗ್ಗಿಸಿ, ಸೆರಗು ಹೊದ್ದು, ಎದ್ದು ಹೋದರು. ಎಲ್ಲರೂ ನನ್ನ ಧೈರ್ಯ ಹೊಗಳಿದರು. ನಾನೂ ಆ ಹೊಗಳಿಕೆಯನ್ನು ಬಿಸಿ ಬಿಸಿ ಹೋಳಿಗೆಯ ಹಾಗೆ ತಿಂದೆ.

ಅದಾದ ಮೇಲೂ ಮೂರು ತಿಂಗಳು ಅವರು ಅದೇ ಮನೆಯಲ್ಲಿದ್ದರು. ಹಾಲು ತರಲು ದಿನಾ ಆ ಬಾಗಿಲ ಮುಂದೆಯೇ ಹೋಗುತ್ತಿದ್ದೆ. ಏಳನೆಯ ಕ್ಲಾಸಿನ ಮಗಳು ಜಗುಲಿಯಲ್ಲಿ ಕೂತಿರುತ್ತಿದ್ದಳು. ಮೊದಲೆಲ್ಲ ಅತ್ತೆ ಅತ್ತೆ ಅನ್ನುತ್ತಿದ್ದವಳು ನನ್ನನ್ನು ಕಂಡರೆ ಒಳಗೆ ಎದ್ದುಹೋಗುತ್ತಿದ್ದಳು. ಬೀದಿಯವರು ಯಾರೂ ಅವರನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ದುಡ್ಡು ಯಾಕೆ ಬೇಕಾಯಿತು, ಮನೆಯಲ್ಲಿ ಕಾಯಿಲೆಯೋ, ಸಾಲವೋ, ಗಂಡನ ಕಾಟವೋ... ನಾನು ಕೇಳಲಿಲ್ಲ. ಒಂದು ದಿನ ನೋಡಿದರೆ ಬೀಗ. ಎಲ್ಲಿಗೆ ಹೋದರೋ ತಿಳಿಯದು.

ಈಗಲೂ ಹೇಳುತ್ತೇನೆ: ನಾನು ಓದಿದ ಲೆಕ್ಕ ಸರಿ. ಬಚ್ಚಿಡಬೇಕಿತ್ತು ಅಂತ ನನಗೆ ಅನ್ನಿಸಿಲ್ಲ. ಅದು ಇಪ್ಪತ್ತೆರಡು ಹೆಂಗಸರು ಒಲೆಯ ಮುಂದೆ ಬೆವರು ಸುರಿಸಿದ ದುಡ್ಡು. ಆದರೆ ಸಭೆಗೆ ಮುಂಚೆ ಒಮ್ಮೆ, ಸಭೆಯಾದ ಮೇಲೆ ಒಮ್ಮೆ, ಆ ಬಾಗಿಲು ತಟ್ಟಬಹುದಿತ್ತು. ಎರಡೂ ಸಲ ತಟ್ಟಲಿಲ್ಲ. ಪತ್ತೆ ಮಾಡುವುದನ್ನು ಕಲಿತೆ. ಪತ್ತೆಯಾದವರ ಪಾಡೇನು ಅಂತ ನೋಡುವುದನ್ನು ಕಲಿಯಲಿಲ್ಲ.

ಸೇಯರ್ಸ್ ಬರೀ ಬೇರೆಯವರಿಗೆ ಬುದ್ಧಿ ಹೇಳಿದವರಲ್ಲ. ಅವರಿಗೂ ಒಂದು ಗುಟ್ಟಿತ್ತು. 1924ರ ಜನವರಿಯಲ್ಲಿ, ಮದುವೆಗೆ ಮುಂಚೆ, ಒಬ್ಬ ಮಗ ಹುಟ್ಟಿದ. ಪಾದ್ರಿಯ ಮಗಳು, ಆ ಕಾಲ! ತಂದೆತಾಯಿಗೆ ಕೊನೆಯವರೆಗೂ ತಿಳಿಸಲಿಲ್ಲ. ಮಗುವನ್ನು ಸಾಕಿದ್ದು ಒಬ್ಬ ಸೋದರಸಂಬಂಧಿ. ಅದರ ಖರ್ಚು, ಮುಂದಿನ ವಿದ್ಯಾಭ್ಯಾಸ ಎಲ್ಲವನ್ನೂ ಇವರೇ ವಹಿಸಿಕೊಂಡರು. 1957ರಲ್ಲಿ ತೀರಿಕೊಂಡಾಗ ಆಸ್ತಿ ಆ ಮಗನಿಗೇ ಹೋಯಿತು. ಲೋಕಕ್ಕೆ ಈ ವಿಷಯ ಗೊತ್ತಾದದ್ದು 1970ರ ದಶಕದಲ್ಲಿ ಬಂದ ಜೀವನಚರಿತ್ರೆಯಿಂದ. ಸತ್ಯದ ಬಗ್ಗೆ ಅಷ್ಟು ಬರೆದಾಕೆ ತನ್ನ ಸತ್ಯವನ್ನು ಬಚ್ಚಿಟ್ಟರಲ್ಲ ಅಂತ ಯಾರಾದರೂ ಅಂದರೆ, ಅನ್ನಲಿ. ನನಗೆ ಕಾಣುವುದು ಇಷ್ಟು: ನಿಜ ಹೇಳುವುದರ ಬೆಲೆ ಎಷ್ಟು ಅಂತ ಗೊತ್ತಿದ್ದವರೇ ಆನಿಯ ಬಾಯಿಗೂ ಅಂಥ ಮಾತು ಕೊಡಬಲ್ಲರು.

ಹ್ಯಾರಿಯೆಟ್‌ಳ ಮದುವೆ ಏನಾಯಿತು ಅಂತೀರಾ? ಮರೆತಿಲ್ಲ. ಅಪಾಯ ಹತ್ತಿರ ಬಂದಾಗ ಪೀಟರ್ "ನೀನು ಹೆಣ್ಣು, ಇದನ್ನು ನನಗೆ ಬಿಡು, ಮನೆಗೆ ಹೋಗು" ಅನ್ನುವುದಿಲ್ಲ. ಕುತ್ತಿಗೆಗೆ ಕೈ ಹಾಕಿದವರಿಂದ ಬಿಡಿಸಿಕೊಳ್ಳುವ ಪಟ್ಟು ಹೇಳಿಕೊಡುತ್ತಾನೆ. ಒಂದು ದಪ್ಪ ಚರ್ಮದ ನಾಯಿಪಟ್ಟಿ ತಂದು ಕೊರಳಿಗೆ ಹಾಕಿಕೋ ಅನ್ನುತ್ತಾನೆ. ಪ್ರೇಮದ ಕಾಣಿಕೆ ನೋಡಿ, ಮುತ್ತಿನ ಸರವಲ್ಲ, ನಾಯಿಪಟ್ಟಿ! ಕತ್ತಲಲ್ಲಿ ಕೈಯೊಂದು ಅವಳ ಕುತ್ತಿಗೆ ಹಿಡಿದಾಗ ಕಾಪಾಡಿದ್ದು ಅದೇ. ಅವಳ ಕೆಲಸವನ್ನು ಅವಳೇ ಮಾಡಲು ಬಿಟ್ಟ. ಇಷ್ಟು ವರ್ಷ ಅವಳ ಕೃತಜ್ಞತೆಯ ಮೇಲೆ ಒತ್ತಡ ಹಾಕಿದ್ದು ತನ್ನ ತಪ್ಪು ಅಂತಲೂ ಒಪ್ಪಿಕೊಂಡ. ಕೊನೆಗೆ ಪದವಿಯ ನಿಲುವಂಗಿ ತೊಟ್ಟ ಇಬ್ಬರೂ ಆಕ್ಸ್‌ಫರ್ಡ್‌ನ ಬೀದಿಯಲ್ಲಿ ನಿಂತಿರುವಾಗ ಅವನು ಲ್ಯಾಟಿನ್ನಿನಲ್ಲಿ, ಒಬ್ಬ ವಿದ್ವಾಂಸ ಇನ್ನೊಬ್ಬ ವಿದ್ವಾಂಸಳನ್ನು ಕೇಳುವ ಮರ್ಯಾದೆಯಲ್ಲಿ, ಸಮ್ಮತವೇ ಅಂತ ಕೇಳುತ್ತಾನೆ. ಅವಳು ಅದೇ ಭಾಷೆಯಲ್ಲಿ ಒಂದೇ ಮಾತಿನಲ್ಲಿ ಒಪ್ಪುತ್ತಾಳೆ. ಐದು ವರ್ಷದ ‘ಇಲ್ಲ’ಗಳೆಲ್ಲ ನಿಜವಾಗಿದ್ದವು, ಅದಕ್ಕೇ ಆ ‘ಹೂಂ’ ಕೂಡ ನಿಜ.

ಹಾಸನದ ತಾಯಿಯವರೇ, ನಿಮ್ಮ ಮಗಳು ಓದಲಿ. ಧರ್ಮ ಬೇರೆಯಾದರೇನು? ಒಪ್ಪದ್ದನ್ನು ಒಪ್ಪಿದೆನೆಂದು ನಟಿಸಬಾರದು ಅನ್ನುವ ಪಾಠಕ್ಕೆ ಮಠವೂ ಒಂದೇ, ಚರ್ಚೂ ಒಂದೇ. ನಾಳೆ ಅವಳಿಗೆ ಗಂಡು ನೋಡುವಾಗ, ಸಂಕೋಚಕ್ಕೋ ಋಣಕ್ಕೋ ಕೊರಳೊಡ್ಡಬಾರದು ಅಂತ ಅವಳಿಗೆ ತಿಳಿದಿದ್ದರೆ ನಷ್ಟವೇನು? ಆಗಾಗ ನೀವೂ ಪಕ್ಕದಲ್ಲಿ ಕೂತು "ಎಲ್ಲಿಗೆ ಬಂತಮ್ಮಾ ಕಥೆ?" ಅಂತ ಕೇಳಿ. ಕಳ್ಳ ಸಿಕ್ಕಿದ ಅಂದರೆ, "ಸರಿ, ಆಮೇಲೆ ಅವನ ಮನೆಯವರು ಏನಾದರು?" ಅಂತಲೂ ಕೇಳಿ. ಪುಸ್ತಕದಲ್ಲಿ ಉತ್ತರ ಇಲ್ಲದಿದ್ದರೆ ಇಬ್ಬರೂ ಕೂತು ಯೋಚಿಸಿ.

ಉಳಿದ ಗೆಳತಿಯರಿಗೂ ಒಂದು ಮಾತು. ಮನೆಯಲ್ಲೋ, ಕಚೇರಿಯಲ್ಲೋ, ಸಮಾಜದಲ್ಲೋ ಕಹಿಯಾದ ನಿಜ ಹೇಳುವ ಸರದಿ ನಿಮ್ಮದಾದರೆ ಹಿಂಜರಿಯಬೇಡಿ. ಮೊದಲು ಲೆಕ್ಕವನ್ನು ಮೂರು ಸಲ ಕೂಡಿಸಿ. ಸಭೆಗೆ ಮುಂಚೆ ಆ ಒಬ್ಬರನ್ನು ಮಾತ್ರ ಕೂರಿಸಿ ಕೇಳಿ. ಆಮೇಲೆ ಹೇಳಲೇಬೇಕಾದದ್ದನ್ನು ಹೇಳಿ. ಮಾರನೆಯ ದಿನ, ಹೊಗಳಿಕೆಯ ಬಿಸಿ ಆರುವ ಮುಂಚೆ, ಹೋಗಿ ಅವರ ಬಾಗಿಲು ತಟ್ಟಿ. ತೆಗೆಯದಿದ್ದರೆ ಇನ್ನೊಂದು ದಿನ ಹೋಗಿ.

ಹೊಲಿಗೆ ಯಂತ್ರ ಆ ವರ್ಷವೇ ಬಂತು. ಅದರ ಸದ್ದು ನನಗೆ ಎಂದೂ ಹಿತವಾಗಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.